ರಜೆಗೆ ಮನೆ ತುಂಬಾ ಜನ ಸೇರಿದಾಗ ಮಾವಿನಹಣ್ಣಿನ ಫ್ರೋಜನ್ ಪಂಚ್

ನಮ್ಮ ದೊಡ್ಡಮ್ಮನ ಮನೆ ಶ್ರೀನಿವಾಸಪುರದ ಹತ್ರ. ಬೇಸಿಗೆ ರಜೆ ಮುಗಿಯೋ ಮುಂಚೆ ಒಂದ್ಸಲ ಎಲ್ಲರೂ ಅಲ್ಲಿ ಸೇರ್ತೀವಿ, ಮಕ್ಕಳು ಮರಿ ಎಲ್ಲಾ ಸೇರಿ 30 ಜನ, ಅಷ್ಟೊತ್ತಿಗೆ ಮಾವು ಬೇರೆ ಶುರುವಾಗಿರುತ್ತೆ. ಅಷ್ಟು ಜನಕ್ಕೂ ಆಗಿಂದಾಗ್ಗೆ ಜ್ಯೂಸ್ ಮಾಡ್ತೀನಿ ಅಂದ್ರೆ ಮನೇಲಿ ಯಾರಾದ್ರೂ ಒಬ್ರು ಇಡೀ ಮಧ್ಯಾಹ್ನ ಮಿಕ್ಸಿ ಮುಂದೇನೇ ನಿಂತಿರ್ಬೇಕು. ಈ ಪಂಚ್ ಆದ್ರೆ ಎರಡು ದಿನ ಮುಂಚೆ ಮಾಡಿ ಫ್ರೀಜರಲ್ಲಿಟ್ರೆ ಆಯ್ತು, ಅವತ್ತು ಸೋಡಾ ಸುರಿಯೋದೊಂದೇ ಕೆಲಸ.

ಬೇಕಾಗಿರೋದು: ಚೆನ್ನಾಗಿ ಹಣ್ಣಾದ ಬಾದಾಮಿ ಮಾವು 2 ಕೆಜಿ, ಒಂದು ಅನಾನಸ್, ಮೂಸಂಬಿ ರಸ ಅರ್ಧ ಲೀಟರ್, ನಿಂಬೆಹಣ್ಣು 6, ಏಲಕ್ಕಿ ಬಾಳೆ 6, ಸಕ್ಕರೆ 600 ಗ್ರಾಂ, ನೀರು ಒಂದೂವರೆ ಲೀಟರ್. ಕೊನೇಲಿ ಹಾಕಕ್ಕೆ ಸಾದಾ ಸೋಡಾ 3 ಲೀಟರ್. ಬಾದಾಮಿ ರೇಟ್ ಜಾಸ್ತಿ ಇದ್ರೆ ಅರ್ಧ ರಸಪುರಿ ಹಾಕಿ, ಅದ್ರಲ್ಲಿ ರಸ ಚೆನ್ನಾಗಿ ಬರುತ್ತೆ.

ಮೊದಲು ಮಾವಿನಹಣ್ಣು ಒಂದು ಗಂಟೆ ನೀರಲ್ಲಿ ನೆನೆಹಾಕಿ, ತೊಟ್ಟಿನ ಹತ್ರ ಸ್ವಲ್ಪ ಕುಯ್ದು ಬಿಸಾಕಿ, ಸೊನೆ ರಸಕ್ಕೆ ಸೇರಬಾರದು. ಇನ್ನು ನೀರು. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ತೊಂದ್ರೆ ಇರೋದು ಎಲ್ಲರಿಗೂ ಗೊತ್ತಿರೋದೇ, ಅದಕ್ಕೆ ಶುದ್ಧ ನೀರಿನ ಘಟಕದಿಂದ ತಂದಿರೋ ಕ್ಯಾನ್ ನೀರನ್ನೇ ತಗೊಂಡು ಅದನ್ನೂ ಕುದಿಸಿ, ಯಾಕಂದ್ರೆ ಫ್ರೀಜರಲ್ಲಿಟ್ಟ ಮಾತ್ರಕ್ಕೆ ಕ್ರಿಮಿ ಸಾಯಲ್ಲ, ಕುಡಿಯೋರಲ್ಲಿ ಚಿಕ್ಕ ಮಕ್ಕಳೂ ಇರ್ತಾರೆ. ಕುದಿಯೋ ನೀರಿಗೇ ಸಕ್ಕರೆ ಹಾಕಿ ಕರಗಿಸಿ, ಪೂರ್ತಿ ಆರಕ್ಕೆ ಬಿಡಿ.

ಸಕ್ಕರೆ ವಿಷಯದಲ್ಲಿ ದಯವಿಟ್ಟು ಕೈ ಹಿಡೀಬೇಡಿ. ಒಂದು ವರ್ಷ ಅಜ್ಜಿಗೆ ಶುಗರ್ ಇದೆ ಅಂತ ನಾನು ಅರ್ಧಕ್ಕರ್ಧ ಕಮ್ಮಿ ಮಾಡಿದ್ದೆ, ಡಬ್ಬ ತೆಗೆದ್ರೆ ಕಲ್ಲು, ಊಟ ಮುಗಿದು ಎಲ್ಲರೂ ಮಲಗೋ ಟೈಮಾದ್ರೂ ಕರಗಿಲ್ಲ. ಸಕ್ಕರೆ ಇದ್ರೆ ನೀರು ಸೊನ್ನೆ ಡಿಗ್ರಿಗೆ ಪೂರ್ತಿ ಗಟ್ಟಿಯಾಗಲ್ಲ, ಸಣ್ಣ ಸಣ್ಣ ಹರಳಾಗಿ ಮಧ್ಯೆ ಪಾಕ ಉಳ್ಕೊಳ್ಳುತ್ತೆ, ಸ್ಪೂನಲ್ಲಿ ಕೆರೆದ್ರೆ ಮೆತ್ತಗೆ ಬರೋದು ಅದಕ್ಕೇನೇ. ಸೋಡಾ ಬಿದ್ಮೇಲೆ ಸಿಹಿ ತಾನಾಗೇ ಹದಕ್ಕೆ ಬರುತ್ತೆ. ಈಗ ಅಜ್ಜಿಗೆ ಬೇರೆ ಮಜ್ಜಿಗೆ ಮಾಡಿಡ್ತೀವಿ, ಒಗ್ಗರಣೆ ಹಾಕಿ, ಅವರಿಗೂ ಅದೇ ಇಷ್ಟ.

ಮಾವು, ಬಾಳೆಹಣ್ಣು ನುಣ್ಣಗೆ ರುಬ್ಬಿ, ರುಬ್ಬೋವಾಗ್ಲೇ ನಿಂಬೆರಸ ಹಾಕ್ಬಿಡಿ, ಬಾಳೆ ಕಪ್ಪಾಗಲ್ಲ. ಅನಾನಸ್ ಬೇರೆ ರುಬ್ಬಿ ಸೋಸಿ, ನಾರು ಬಾಯಿಗೆ ಸಿಕ್ಕಿದ್ರೆ ಮಕ್ಕಳು ಲೋಟ ಪಕ್ಕಕ್ಕಿಡ್ತಾರೆ. ಹಾಲು ಮಾತ್ರ ಸೇರಿಸಬೇಡಿ, ಹಸಿ ಅನಾನಸ್ ಜೊತೆ ಒಡೆದು ಕಹಿಯಾಗುತ್ತೆ. ಮೂಸಂಬಿ ರಸ, ಆರಿದ ಪಾಕ, ಒಂದು ಚಿಟಿಕೆ ಉಪ್ಪು ಎಲ್ಲಾ ಸೇರಿಸಿ ಕಲಸಿ.

ಡಬ್ಬಕ್ಕೆ ತುಂಬೋವಾಗ ಮೇಲೆ ಒಂದು ಇಂಚು ಜಾಗ ಬಿಡಿ, ನೀರು ಗಟ್ಟಿಯಾದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ, ಗಾಜಿನ ಬಾಟಲಿ ಅಂತೂ ಬೇಡವೇ ಬೇಡ. ನಾನು ಹಳೇ ಒಂದು ಲೀಟರ್ ಐಸ್‌ಕ್ರೀಮ್ ಡಬ್ಬಗಳನ್ನ ಎತ್ತಿಟ್ಟಿರ್ತೀನಿ, ಸಿಂಗಲ್ ಡೋರ್ ಫ್ರಿಜ್‌ಗೆ ಐದು ಡಬ್ಬ ಹಿಡಿಯಲ್ಲ ಅಂದ್ರೆ ಎರಡನ್ನ ಪಕ್ಕದ ಮನೆ ಅತ್ತೆ ಹತ್ರ ಇಡಿಸಿ. ಮೂರು ಗಂಟೆ ಆದ್ಮೇಲೆ ಒಂದ್ಸಲ ಫೋರ್ಕಲ್ಲಿ ಕಲಸಿ ಮತ್ತೆ ಇಡಿ, ಆಮೇಲೆ ಒಂದು ದಿನ ಪೂರ್ತಿ ಬಿಡ್ಬೇಕು. ಕರೆಂಟ್ ಹೋದ್ರೆ ಗಾಬರಿ ಬೇಡ, ಬಾಗಿಲು ತೆಗೀದೆ ಹಾಗೇ ಬಿಡಿ.

ಅವತ್ತು ಬಡಿಸೋಕೆ ಮುಕ್ಕಾಲು ಗಂಟೆ ಮುಂಚೆ ಡಬ್ಬ ಹೊರಗಿಡಿ, ಕೆರೆದು ದೊಡ್ಡ ಪಾತ್ರೆಗೆ ಹಾಕಿ, ಸೋಡಾನ ಅಂಚಿನಿಂದ ನಿಧಾನಕ್ಕೆ ಸುರೀರಿ, ರಭಸವಾಗಿ ಸುರಿದ್ರೆ ಗ್ಯಾಸೆಲ್ಲಾ ಹೋಗ್ಬಿಡುತ್ತೆ. ಒಂದೇ ಸಲ ಎಲ್ಲಾ ಡಬ್ಬ ತೆಗೀಬೇಡಿ, ಎರಡು ಖಾಲಿಯಾದ್ಮೇಲೆ ಮುಂದಿನವು.

ಮಾವು ಸಿಗದ ಕಾಲಕ್ಕೆ ಚಿಕ್ಕಬಳ್ಳಾಪುರ ಕಡೆ ಬೆಳೆಯೋ ಬೆಂಗಳೂರು ಬ್ಲೂ ದ್ರಾಕ್ಷಿ 2 ಕೆಜಿ ತಗೊಳ್ಳಿ. ಅದನ್ನ ಮಿಕ್ಸಿಗೆ ಹಾಕಬೇಡಿ, ಬೀಜ ಪುಡಿಯಾಗಿ ಒಗರು ಬರುತ್ತೆ. ಒಂದು ಲೋಟ ನೀರಲ್ಲಿ ಹತ್ತು ನಿಮಿಷ ಬೇಯಿಸಿ ಕೈಯಲ್ಲಿ ಹಿಸುಕಿ ಸೋಸಿ, ಉಳಿದಿದ್ದೆಲ್ಲಾ ಅದೇ ಅಳತೆ. ಆ ನೇರಳೆ ಬಣ್ಣದ ಪಂಚ್ ಬಿಳಿ ಬಟ್ಟೆ ಮೇಲೆ ಬಿದ್ರೆ ಹೋಗಲ್ಲ, ಮಕ್ಕಳಿಗೆ ಅಂಗಳದಲ್ಲೇ ಕೊಡಿ.