ಆರಾಮ? ಆರಾಮ.: ಮಗಳಿಗೆ ಲೇಖನ ಚಿಹ್ನೆ ಕಲಿಸಿದ ನನ್ನ ಅನುಭವ

ಧಾರವಾಡದಲ್ಲಿ ನಮ್ಮ ಮನೆ. ಮಗಳು ಎರಡನೇ ಕ್ಲಾಸು. ವರ್ಷದ ಶುರುವಿಗೆ ಅವಳು ಬರೆದ ಅರ್ಧ ಪುಟ ಓದಿದೆ. ಎಲ್ಲೂ ಒಂದು ಚುಕ್ಕೆ ಇರಲಿಲ್ಲ. 'ವಾಕ್ಯ ಮುಗಿದ ಮೇಲೆ ಪೂರ್ಣವಿರಾಮ ಹಾಕು' ಎಂದೆ. ಮರುದಿನ ಪ್ರತಿ ಸಾಲಿನ ಕೊನೆಗೂ ಚುಕ್ಕೆ! 'ನಾನು ಅಜ್ಜಿ ಜೊತೆ.' ಅಂತ ಒಂದು ಸಾಲು, 'ಸಂತೆಗೆ ಹೋಗಿ ಬಾಳೆಹಣ್ಣು.' ಅಂತ ಇನ್ನೊಂದು. ಅವಳ ಪಾಲಿಗೆ ಸಾಲು ಮುಗಿದರೆ ವಾಕ್ಯವೂ ಮುಗಿಯಿತು. ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ನಾನು ತೋರಿಸಿಯೇ ಇರಲಿಲ್ಲ.

ಆಮೇಲೆ ಪೆನ್ಸಿಲ್ ಪಕ್ಕಕ್ಕಿಟ್ಟು ಕಿವಿಯಿಂದ ಶುರು ಮಾಡಿದೆವು. ನಾನು ಹೇಳುತ್ತೇನೆ, ಮುಗಿಯಿತು ಅನಿಸಿದಲ್ಲಿ ಅವಳು ಚಪ್ಪಾಳೆ ತಟ್ಟಬೇಕು. 'ಸಂತೆಗೆ ಹೋಗಿ...' ಎರಡೂ ಕೈ ಎತ್ತಿ ಹಾಗೇ ಹಿಡಿದಳು. 'ಬಾಳೆಹಣ್ಣು ತಗೊಂಡು...' ಇನ್ನೂ ಕಾಯ್ದಳು. 'ಮನೆಗೆ ಬಂದೆ' ಅಂದ ತಕ್ಷಣ ಚಪ್ಪಾಳೆ. "ಹೋಗಿ ಅಂದ್ರ ಇನ್ನೂ ಐತಿ, ಬಂದೆ ಅಂದ್ರ ಮುಗೀತು" ಅಂತ ಅವಳೇ ಹೇಳಿದಳು. ನಾನು ಯಾವತ್ತೂ ಹಾಗೆ ಯೋಚಿಸಿರಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಮಾತು ಮುಗಿದದ್ದು ಅದರ ರೂಪದಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ 'ಯಾರು? ಏನು ಮಾಡಿದರು?' ಎರಡಕ್ಕೂ ಉತ್ತರ ಸಿಕ್ಕಿತಾ ಅಂತ ನೋಡಿ, ಜೋರಾಗಿ ಓದಿಸುತ್ತೇನೆ.

ಪ್ರಶ್ನೆಚಿಹ್ನೆಗೆ ನಮ್ಮ ಊರಿನ ಮಾತೇ ಸಾಕಾಯಿತು. ಓಣಿಯಲ್ಲಿ ಯಾರಾದರೂ ಎದುರಾದರೆ 'ಆರಾಮ?' ಅಂತಾರೆ, ನಾವೂ 'ಆರಾಮ' ಅಂತೀವಿ. ಶಬ್ದ ಒಂದೇ, ದನಿ ಬೇರೆ. ಎರಡನ್ನೂ ಚಿಹ್ನೆ ಇಲ್ಲದೆ ಬರೆದು, ಕೇಳಿದ್ದು ಯಾವುದು, ಹೇಳಿದ್ದು ಯಾವುದು ಎಂದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಆಮೇಲೆ ಪೆನ್ಸಿಲ್ ತಗೊಂಡು ಮೊದಲನೆಯದಕ್ಕೆ ಪ್ರಶ್ನೆಚಿಹ್ನೆ, ಎರಡನೆಯದಕ್ಕೆ ಚುಕ್ಕೆ ಇಟ್ಟಳು. ಅವತ್ತಿನಿಂದ ಪ್ರಶ್ನೆಚಿಹ್ನೆ ಮರೆತದ್ದು ಕಡಿಮೆ.

ಕ್ಯಾಪಿಟಲ್ ಅಕ್ಷರಕ್ಕೆ ಜಾಸ್ತಿ ದಿನ ಬೇಕಾಯಿತು. ಕನ್ನಡದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಅನ್ನೋದೇ ಇಲ್ಲ. ಶಾಂತಾ ಅನ್ನೋ ಹೆಸರಿನಲ್ಲೂ ಶೇಂಗಾದಲ್ಲೂ ಅದೇ 'ಶ' ಅಲ್ವಾ? ಹಾಗಾಗಿ ಮಗು ಮರೆತರೆ ಬೈಯುವುದು ನ್ಯಾಯ ಅಲ್ಲ. ಮೂರೇ ಜಾಗ ಹೇಳಿಕೊಟ್ಟೆ: ವಾಕ್ಯದ ಮೊದಲ ಅಕ್ಷರ, ಹೆಸರಿನ ಮೊದಲ ಅಕ್ಷರ, 'ನಾನು' ಅನ್ನುವ 'ಐ'. ವಾರ, ತಿಂಗಳುಗಳೂ ಹೆಸರಿನ ಲೆಕ್ಕಕ್ಕೇ ಬರುತ್ತವೆ.

ಒಮ್ಮೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟಾಗ ಕಿಟಕಿಯಿಂದ ಅಂಗಡಿ ಬೋರ್ಡು ಓದುತ್ತಿದ್ದಳು. "ಅವ್ವಾ, ಇಲ್ಲೆ ಎಲ್ಲಾ ದೊಡ್ಡ ಅಕ್ಷರನ ಅದಾವಲ್ಲ, ತಪ್ಪು ಬರದಾರೇನು?" ಬೋರ್ಡು ದೂರದಿಂದ ಎದ್ದು ಕಾಣಬೇಕು, ಅದಕ್ಕೆ ಹಾಗೆ ಬರೀತಾರೆ, ನೋಟ್‌ಬುಕ್ಕಿನ ಪದ್ಧತಿ ಬೇರೆ ಎಂದೆ. ಸಿ, ಓ, ಎಸ್, ಡಬ್ಲ್ಯೂ ಇನ್ನೂ ತೊಡಕು. ಇವುಗಳಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಆಕಾರ ಒಂದೇ, ಅಳತೆ ಮಾತ್ರ ಬೇರೆ. ಅದಕ್ಕೇ ನಾಲ್ಕು ಗೆರೆಯ ನೋಟ್‌ಬುಕ್ ಬಿಡಿಸಲಿಲ್ಲ. ದೊಡ್ಡದು ಮೇಲಿನ ಗೆರೆ ಮುಟ್ಟಬೇಕು, ಸಣ್ಣದು ನಡುವಿನ ಎರಡು ಗೆರೆಯೊಳಗೇ ಕೂರಬೇಕು.

ಅಲ್ಪವಿರಾಮವನ್ನು ಸಂತೆ ಚೀಟಿಯಲ್ಲಿ ಶುರು ಮಾಡಿದ್ದೇವೆ: ಮೆಂತ್ಯೆ, ಉಳ್ಳಾಗಡ್ಡಿ, ಬದನೆಕಾಯಿ. ಅಷ್ಟು ಬರುತ್ತದೆ.

ಮೊನ್ನೆ ಅಡುಗೆಮನೆಯಲ್ಲಿ ಅವಳದೊಂದು ಚೀಟಿ ಸಿಕ್ಕಿತು. 'ಅವ್ವಾ ಚಾ ಕುಡದಿ?' ಪ್ರಶ್ನೆಚಿಹ್ನೆ ಸರಿಯಾಗಿತ್ತು. 'ಅವ್ವಾ' ಆದ ಮೇಲೆ ಅಲ್ಪವಿರಾಮ ಇರಲಿಲ್ಲ. ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಕೆಳಗೆ 'ಕುಡಿದೆ.' ಅಂತ ಬರೆದಿಟ್ಟೆ.