ಹೊಟ್ಟೆ ಹಾದಿಗೆ ಬಂತು, ಸುಸ್ತೂ ಇಳಿಯಿತು: ನನ್ನ ಅನುಭವ

ನನಗಿರುವುದು ಎಂಇ/ಸಿಎಫ್‌ಎಸ್, ಅಂದರೆ ಎಷ್ಟು ಮಲಗಿದರೂ ಹೋಗದ ದೀರ್ಘಕಾಲದ ಸುಸ್ತಿನ ಕಾಯಿಲೆ. ಅದು ಇರುವವರಿಗೆ ಪೇಸಿಂಗ್ ಅಂದರೇನು, ಕ್ರ್ಯಾಶ್ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಇರುವ ಶಕ್ತಿ ನೋಡಿಕೊಂಡು ಅಷ್ಟೇ ಕೆಲಸ ಮಾಡುವುದು ಪೇಸಿಂಗ್, ಅದನ್ನು ಮೀರಿದ್ದಕ್ಕೆ ಆಮೇಲೆ ಹಾಸಿಗೆ ಹಿಡಿಯುವುದು ಕ್ರ್ಯಾಶ್. ಹೊಟ್ಟೆಯ ವಿಷಯ ಮಾತ್ರ ಬರೆಯುತ್ತೇನೆ. "ಅಂಬಲಿ ಕುಡಿದರೆ ಸುಸ್ತು ಹೋಗುತ್ತಾ?" ಅಂತ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಶಿಡ್ಲಘಟ್ಟದ ಹತ್ತಿರ ನಮ್ಮದು ರೇಷ್ಮೆ ಸಾಕುವ ಮನೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಹಗಲು ರಾತ್ರಿ ಸೊಪ್ಪು ಕೇಳುತ್ತದೆ. ಒಂದು ಹೊರೆ ಜಾಸ್ತಿ ಹೊತ್ತರೆ ಅವತ್ತು ಏನೂ ಆಗುತ್ತಿರಲಿಲ್ಲ. ಮಾರನೇ ದಿನವೋ ಅದರ ಮಾರನೇ ದಿನವೋ ಹಾಸಿಗೆ ಹಿಡಿಯುತ್ತಿದ್ದೆ. ಜೊತೆಗೆ ಹೊಟ್ಟೆ ಉಬ್ಬರ, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಎಲ್ಲಾ ನಾರ್ಮಲ್. ನಮ್ಮತ್ತೆ ಅದನ್ನು ಸೋಮಾರಿತನ ಅಂದರು.

ಬೆಂಗಳೂರಿನಲ್ಲಿ ಒಂದು ಕಡೆ ಕರುಳಿನ ಬ್ಯಾಕ್ಟೀರಿಯಾ ನೋಡುವ ಮಲ ಪರೀಕ್ಷೆಗೆ 12,000ದ ಹತ್ತಿರ ಕೊಟ್ಟೆ. ಬಣ್ಣದ ಚಾರ್ಟ್ ಬಂತು. ಏನು ತಿನ್ನಲಿ ಅಂದರೆ ಅವರದೇ ಒಳ್ಳೆ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ಬರೆದುಕೊಟ್ಟರು, ತಿಂಗಳಿಗೆ 1,800 ಚಿಲ್ಲರೆ. ಅರ್ಧ ವರ್ಷ ನುಂಗಿದೆ. ಉಬ್ಬರ ಜಾಸ್ತಿಯೇ ಆಯಿತು. ಒಂದು ಬೆಳೆಯ ಲಾಭ ಅಲ್ಲೇ ಹೋಯಿತು.

2023ರಲ್ಲಿ ಅಮೆರಿಕದಿಂದ ಎರಡು ಅಧ್ಯಯನಗಳು ಬಂದವು. ಈ ಕಾಯಿಲೆಯವರ ಕರುಳಿನಲ್ಲಿ ಬ್ಯೂಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಕಡಿಮೆ ಅಂತ ಎರಡೂ ಹೇಳಿದವು. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯೂಟಿರೇಟೇ ಮುಖ್ಯ ಆಹಾರ. ಸುಸ್ತಿಗೆ ಅದೇ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ, ಸರಿ. ಆದರೆ ನನ್ನ ಕ್ಯಾಪ್ಸೂಲ್‌ನಲ್ಲಿ ಇದ್ದದ್ದೆಲ್ಲ ಲ್ಯಾಕ್ಟೊಬ್ಯಾಸಿಲಸ್ ಜಾತಿ. ಕಡಿಮೆಯಾದವು ಬೇರೆ, ಗಾಳಿ ತಾಗಿದರೆ ಸಾಯುವಂಥವು. ಅವನ್ನು ನುಂಗೋಕೆ ಆಗಲ್ಲ, ನಾರು ಹಾಕಿ ಸಾಕಬೇಕು. ಹುಳು ಸಾಕುವವಳಿಗೆ ಇದು ತಟ್ಟನೆ ಹೊಳೆಯಿತು.

ಮೊದಲು ಈರುಳ್ಳಿ, ಬೆಳ್ಳುಳ್ಳಿ, ಅವರೆಕಾಳು, ಗೋಧಿ ಬಿಟ್ಟೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರ ಲೋ ಫಾಡ್‌ಮ್ಯಾಪ್ ಕ್ರಮ ಅದು, ಕರುಳಿನಲ್ಲಿ ಬ್ಯಾಕ್ಟೀರಿಯಾ ಹುಳಿಸಿ ಗ್ಯಾಸ್ ಎಬ್ಬಿಸುವ ಪದಾರ್ಥಗಳನ್ನು ಸ್ವಲ್ಪ ಕಾಲ ಬಿಡುವುದು. ಒಂದು ತಿಂಗಳಲ್ಲಿ ಉಬ್ಬರ ಇಳಿಯಿತು. ಅದರಲ್ಲೇ ಕೂತುಬಿಟ್ಟರೆ ಬ್ಯಾಕ್ಟೀರಿಯಾಗೂ ಉಪವಾಸ, ಅಲ್ವಾ? ಹಾಗಾಗಿ ಒಂದೊಂದಾಗಿ ವಾಪಸ್ ತಂದೆ. ಒಂದು ಪದಾರ್ಥಕ್ಕೆ ಒಂದು ವಾರ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು. ಹಿತಕಿದ ಬೇಳೆ ಸಾರು ಎರಡು ಚಮಚ ಒಗ್ಗಿತು, ಇಡೀ ಸೌಟು ಕೆಡಿಸಿತು.

ಮುಖ್ಯ ಕೆಲಸ ಮಾಡಿದ್ದು ಹುಳಿ ಅಂಬಲಿ. ರಾಗಿ ಹಿಟ್ಟನ್ನು ರಾತ್ರಿ ಮಡಕೆಯಲ್ಲಿ ನೀರಿಗೆ ಕಲಸಿಡುತ್ತೇನೆ. ಬೆಳಗ್ಗೆ ಮೇಲೆ ಸಣ್ಣ ಗುಳ್ಳೆ ಎದ್ದಿರಬೇಕು, ಮೂಗಿಗೆ ಹುಳಿ ವಾಸನೆ ಬರಬೇಕು. ಆಮೇಲೆ ಕುದಿಸುವುದು. ಮಜ್ಜಿಗೆ ಬೆರೆಸುವುದು ಪೂರ್ತಿ ಆರಿದ ಮೇಲೆ ಮಾತ್ರ, ಬಿಸಿಗೆ ಹಾಕಿದರೆ ಅದರಲ್ಲಿರುವ ಜೀವ ಹೋಗುತ್ತದೆ. ಧನುರ್ಮಾಸದ ಚಳಿಯಲ್ಲಿ ಒಂದು ರಾತ್ರಿಗೆ ಹುಳಿಯೇ ಬರುವುದಿಲ್ಲ, ಮಡಕೆ ಒಲೆ ಪಕ್ಕ ಇಡಬೇಕು. ಮೂರು ನಾಲ್ಕು ಚಮಚದಿಂದ ಶುರು ಮಾಡಿ ಎರಡು ತಿಂಗಳಿಗೆ ಒಂದು ಲೋಟ ಮುಟ್ಟಿದೆ. ನನ್ನ ಹೆಪ್ಪು ಎಲ್ಲಿಂದ ಬಂತು, ಮಡಕೆಗೆ ಇನ್ನೇನು ಹಾಕುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ.

ಖರ್ಚು ತಿಂಗಳಿಗೆ 300 ದಾಟಲ್ಲ. ಐದಾರು ತಿಂಗಳಿಗೆ ಹೊಟ್ಟೆ ಹಾದಿಗೆ ಬಂತು. ಕ್ರ್ಯಾಶ್ ತಿಂಗಳಿಗೆ ನಾಲ್ಕೈದು ಇದ್ದದ್ದು ಒಂದಕ್ಕೆ ಇಳಿದಿದೆ. ಹಿಂದೆಯೂ ಪೇಸಿಂಗ್ ಮಾಡುತ್ತಿದ್ದೆ, ಇಷ್ಟು ಇಳಿದಿರಲಿಲ್ಲ. ಈಗಲೂ ಅದನ್ನು ಬಿಟ್ಟಿಲ್ಲ, ಹೊರೆ ಹೊರುವುದು ಕೂಲಿಯವರೇ. ಆದರೆ ಹೋದ ಬೆಳೆಗೆ ಹಣ್ಣು ಹುಳು (ಗೂಡು ಕಟ್ಟಲು ತಯಾರಾದವು) ಆಯ್ದು, ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟವಳು ನಾನೇ. ನಮ್ಮತ್ತೆ ನೋಡುತ್ತಾ ನಿಂತಿದ್ದರು.

ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಯೂ ನೋಡಿದೆ. ಆರಿದ ಮುದ್ದೆಯ ಪಿಷ್ಟ ಸ್ವಲ್ಪ ಜೀರ್ಣವಾಗದೆ ಕರುಳಿನ ಕೆಳಗಿನವರೆಗೆ ಹೋಗುತ್ತದೆ, ಬೇಕಾದದ್ದೂ ಅದೇ. ಬೇಸಿಗೆಯಲ್ಲಿ ಚೆನ್ನಾಗಿ ಒಗ್ಗಿತು. ಹುರುಳಿ ಮಾತ್ರ ಇನ್ನೂ ಒಗ್ಗಿಲ್ಲ. ಮೊಳಕೆ ಕಟ್ಟಿ, ಬೇಯಿಸಿದ ನೀರು ಬಸಿದು ಒಂದು ಚಮಚದಿಂದ ಮತ್ತೆ ಶುರು ಮಾಡಿದ್ದೇನೆ.