ಲಕೋಟೆಯೊಳಗಿನ 1917: ಕಲಬುರಗಿಯ ಬಿ.ಎ. ತರಗತಿಯಲ್ಲಿ ವಿಲ್ಸನ್ ಪಾಠ

‘ನೋಟ್ಸ್ ಬಿಟ್ಟು ಬೇರೆ ಏನು ಕೊಟ್ಟರೂ ನಮ್ಮ ಹುಡುಗರು ಮುಟ್ಟಂಗಿಲ್ಲ’ ಅಂದವರು ಈಗ ಲಕೋಟೆ ಕೇಳುತ್ತಿದ್ದಾರೆ. ಅಧ್ಯಕ್ಷ ವಿಲ್ಸನ್ ಕಾಲದಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದನ್ನು ಹುಡುಗರ ಕೈಯಿಂದಲೇ ತೀರ್ಮಾನ ಮಾಡಿಸುವ ಪಾಠ ಇದು. ಮೂರನೇ ಸಲಕ್ಕೆ ಕೂಡಿಬಂತು.

ಮೊದಲ ಸಲ 22 ಪುಟದ ಪುಸ್ತಿಕೆ, 60 ಪ್ರತಿ. ಸೂಪರ್ ಮಾರ್ಕೆಟ್ ಕಡೆಯ ಜೆರಾಕ್ಸ್‌ನವನಿಗೆ ಸುಮಾರು ಎರಡು ಸಾವಿರ ಹೋಯಿತು. ಎಲ್ಲರೂ ಕೊನೇ ಪುಟ ಮೊದಲು ಓದಿದರು. ಎರಡನೇ ಸಲ ಚರ್ಚಾಸ್ಪರ್ಧೆ ಮಾಡಿದರೆ ಗಂಟಲು ದೊಡ್ಡದಿದ್ದವನೇ ಗೆದ್ದ.

ಈಗಿನದು ಹೀಗೆ: ಐದು ಟೇಬಲ್, ಒಂದೊಂದಕ್ಕೆ ಒಬ್ಬ ಅಧ್ಯಕ್ಷ, ಹತ್ತು ಮಂತ್ರಿಗಳು, ಒಬ್ಬ ಗುಮಾಸ್ತ. ಟೇಬಲ್ಲಿಗೆ ಆಗಿನ ಸುದ್ದಿ, ಕಾಗದಗಳ ಒಂಬತ್ತು ಲಕೋಟೆ, ಒಂದೊಂದಕ್ಕೆ ಏಳೇಳು ನಿಮಿಷ. ಪ್ರತಿ ಲಕೋಟೆಗೂ ಅಧ್ಯಕ್ಷ ಒಂದೇ ಸಾಲಿನ ಹುಕುಂ ಬರೆದು ಸಹಿ ಹಾಕಬೇಕು. ಮಂತ್ರಿಗಳು ಸಲಹೆ ಕೊಡಬಹುದು, ಪೆನ್ನು ಮುಟ್ಟುವಂತಿಲ್ಲ. ಖರ್ಚು ಇನ್ನೂರೈವತ್ತರ ಆಸುಪಾಸು. ಕ್ಲಿಪ್ ಮರೆಯಬೇಡಿ, ಮಾರ್ಚ್ ಬಿಸಿಲಿಗೆ ಫ್ಯಾನ್ ಐದರಲ್ಲಿಟ್ಟರೆ ಜರ್ಮನಿಯ ಕಾಗದ ಪಕ್ಕದ ಟೇಬಲ್ಲಿಗೇ ಹಾರುತ್ತದೆ.

ಲಕೋಟೆಯ ಮೇಲೆ ಕಾಗದ ಬರೆದ ತಾರೀಖು ಹಾಕಬೇಡಿ, ಕೈಸೇರಿದ ತಾರೀಖು ಹಾಕಿ. ಇಲ್ಲೇ ನಾನು ಹೆಚ್ಚು ಕೆಟ್ಟೆ. ಝಿಮ್ಮರ್‌ಮನ್ ತಂತಿ (ಅಮೆರಿಕದೊಡನೆ ಯುದ್ಧವಾದರೆ ನಮ್ಮ ಜೊತೆಗೂಡು ಎಂದು ಜರ್ಮನಿಯ ವಿದೇಶಾಂಗ ಮಂತ್ರಿ ಮೆಕ್ಸಿಕೋಗೆ ಕಳಿಸಿದ ಗುಪ್ತ ಸಂದೇಶ) ಹೊರಟದ್ದು 1917ರ ಜನವರಿ 16. ವಿಲ್ಸನ್ ಕೈಗೆ ಬಂದದ್ದು ಫೆಬ್ರವರಿ 24. ಜನವರಿಗೆ ಇಟ್ಟಾಗ ಐದೂ ಟೇಬಲ್ ಆಗಲೇ ಯುದ್ಧ ಸಾರಿ ಚಹಾಕ್ಕೆ ಎದ್ದವು. ಮಾರ್ಚ್ 1ಕ್ಕೆ ಪತ್ರಿಕೆಗಳಲ್ಲಿ ಬಂದಾಗ ‘ಖೊಟ್ಟಿ ತಂತಿ’ ಅನ್ನುವ ಜಗಳ ಏಳುತ್ತದೆ. ಮಾರ್ಚ್ 3ರಂದು ಝಿಮ್ಮರ್‌ಮನ್ ತಾನೇ ಒಪ್ಪಿಕೊಂಡ ಚೀಟಿ ಸಿದ್ಧ ಇಲ್ಲದಿದ್ದರೆ ಗಂಟೆ ಅಲ್ಲೇ ಮುಗಿಯುತ್ತದೆ.

ಲುಸಿಟಾನಿಯಾ ಲಕೋಟೆ (ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಬ್ರಿಟಿಷ್ ಪ್ರಯಾಣಿಕರ ಹಡಗು, ಮೇ 1915) ಬಿಚ್ಚಿದ ಕೂಡಲೇ ರಕ್ತ ಬಿಸಿಯಾಗುತ್ತದೆ: 128 ಅಮೆರಿಕನ್ನರು ಸತ್ತಿದ್ದಾರೆ. ಹಡಗಿನಲ್ಲಿ ಕಾಡತೂಸೂ ಇದ್ದವು ಎಂಬ ಚೀಟಿಯನ್ನು ಎರಡು ನಿಮಿಷ ಬಿಟ್ಟು ಕೊಡಿ. ಜೂನ್‌ದಲ್ಲಿ ವಿದೇಶಾಂಗ ಮಂತ್ರಿ ಬ್ರಯನ್ ರಾಜೀನಾಮೆ: ಟೇಬಲ್ಲಿನಲ್ಲಿ ಆ ಮಂತ್ರಿ ಆದವನು ಎದ್ದು ಹೊರಗೇ ಹೋಗಬೇಕು. ಖಾಲಿ ಕುರ್ಚಿ ನನ್ನ ಅರ್ಧ ಗಂಟೆಯ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿತು.

‘ಯುದ್ಧ, ಇಲ್ಲವೇ ಸುಮ್ಮನಿರು’ ಎಂದು ಎರಡೇ ದಾರಿ ಇಟ್ಟರೆ ಪಾಠ ಸಾಯುತ್ತದೆ. 1917ರ ಫೆಬ್ರವರಿ 3ರಂದು ಜರ್ಮನಿಯೊಡನೆ ಆದ ಸಂಬಂಧ ಕಡಿತ, ವ್ಯಾಪಾರಿ ಹಡಗುಗಳಿಗೆ ತೋಪು ಕೊಡುವುದು, ಎರಡೂ ಹುಕುಂಪಟ್ಟಿಯಲ್ಲಿರಲಿ. ಮಾರ್ಚ್ 20ಕ್ಕೆ ನಿಜದ ಹತ್ತೂ ಮಂತ್ರಿಗಳು ಯುದ್ಧಕ್ಕೇ ಹೂಂ ಅಂದಿದ್ದರು. ಅದನ್ನು ಮೊದಲೇ ಹೇಳಬಾರದು.

ನಡುವೆ 1914ರ ನಿಜಾಮರನ್ನೂ ಇಟ್ಟು ನೋಡಿದೆ, ನಮ್ಮ ಸೀಮೆ ಅಂತ. ಹತ್ತು ನಿಮಿಷಕ್ಕೆ ಠುಸ್. ಯುದ್ಧ ಸಾರಿದ್ದು ಬ್ರಿಟನ್. ಇಲ್ಲಿಯವರಿಗೆ ತೀರ್ಮಾನವೇ ಉಳಿದಿರಲಿಲ್ಲ. 1971ರ ಇಂದಿರಾ ಗಾಂಧಿಯೂ ನಡೆಯಲಿಲ್ಲ, ಕೊನೆ ಎಲ್ಲರಿಗೂ ಬಾಯಿಪಾಠ.

ಕಡೆಯ ಲಕೋಟೆ ಯುದ್ಧ ಸಾರುವ ಮತದಾನದ್ದು: ಸೆನೆಟ್ 82–6, ಕೆಳಮನೆ 373–50. ಕಳೆದ ಬ್ಯಾಚಿನಲ್ಲಿ ಮೂರು ಟೇಬಲ್ ಯುದ್ಧಕ್ಕೆ ಇಳಿದವು, ಒಂದು ತೋಪಿನಲ್ಲೇ ನಿಂತಿತು, ಒಂದು ಬೆಲ್ ಹೊಡೆದರೂ ಸಹಿ ಹಾಕಲಿಲ್ಲ. ಅಧ್ಯಕ್ಷರನ್ನು ಹೇಗೆ ಆರಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಮೊದಲ ರ‍್ಯಾಂಕಿನವರನ್ನಂತೂ ಅಲ್ಲ. ಬೀದರಿನ ಗೆಳೆಯರಿಗೆ ಪೂರ್ತಿ ಸೆಟ್ ಕಳಿಸಿದ್ದೇನೆ, ಏಳನೇ ಲಕೋಟೆ ಒಂದು ಬಿಟ್ಟು.